ಬೆದರಿಕೆ ಸುಳ್ಳಾದರೂ ಭಯ ಸುಳ್ಳಲ್ಲ

2014ರ ಏಪ್ರಿಲ್ ಮಧ್ಯಭಾಗದಲ್ಲಿ, ಪೂರ್ವ ಉಕ್ರೇನಿನ ಡೊನೆಟ್ಸ್ಕ್ ನಗರದಲ್ಲಿ ಪಾಸೋವರ್ ಹಬ್ಬದ ಪ್ರಾರ್ಥನೆಗೆಂದು ಸಿನಗಾಗ್‌ಗೆ ಬಂದಿದ್ದ ಯಹೂದಿಗಳ ಕೈಗೆ ಮುಖಗವಸು ತೊಟ್ಟವರು ಒಂದು ಕರಪತ್ರ ಕೊಟ್ಟುಹೋದರು. ಹದಿನಾರು ವರ್ಷ ದಾಟಿದ ಪ್ರತಿಯೊಬ್ಬ ಯಹೂದಿಯೂ ಮೇ 3ರೊಳಗೆ ಪ್ರಾಂತೀಯ ಆಡಳಿತ ಕಚೇರಿಗೆ ಬಂದು ಹೆಸರು ನೋಂದಾಯಿಸಬೇಕು, 50 ಡಾಲರ್ ಶುಲ್ಕ ಕಟ್ಟಬೇಕು, ತನ್ನ ಮನೆ, ಜಮೀನು, ವಾಹನಗಳ ವಿವರ ಒಪ್ಪಿಸಬೇಕು ಎಂದು ಅದರಲ್ಲಿತ್ತು. ತಪ್ಪಿದರೆ ಪೌರತ್ವ ರದ್ದು, ಆಸ್ತಿ ಜಪ್ತಿ, ಗಡೀಪಾರು. ಇದಕ್ಕೆ ಕೊಟ್ಟಿದ್ದ ಕಾರಣ, ಯಹೂದಿ ಸಮುದಾಯದ ಮುಖಂಡರು ಕೀವ್‌ನಲ್ಲಿ ಅಧಿಕಾರ ಹಿಡಿದಿರುವ ಬಂಡೇರಾವಾದಿ (ಉಕ್ರೇನಿ ಉಗ್ರ ರಾಷ್ಟ್ರವಾದಿ) ಗುಂಪನ್ನು ಬೆಂಬಲಿಸುತ್ತಿದ್ದಾರೆ ಎಂಬುದು. ಅಡಿಯಲ್ಲಿ ಮೊಹರು ಇತ್ತು. ಆಗಷ್ಟೇ ತಲೆಯೆತ್ತಿದ್ದ 'ಡೊನೆಟ್ಸ್ಕ್ ಜನತಾ ಗಣರಾಜ್ಯ'ದ ನಾಯಕ ಡೆನಿಸ್ ಪುಷಿಲಿನ್ ಅವರ ಹೆಸರೂ ಇತ್ತು. ಆ ಆಡಳಿತ ಕಚೇರಿಯ ಕಟ್ಟಡ ಆಗ ರಷ್ಯಾ ಪರ ಶಸ್ತ್ರಧಾರಿ ಪ್ರತ್ಯೇಕತಾವಾದಿಗಳ ವಶದಲ್ಲಿತ್ತು. ಹಾಗಾಗಿ ಕರಪತ್ರದಲ್ಲಿದ್ದ ವಿಳಾಸವೂ ಆ ವಿಳಾಸದಲ್ಲಿ ಕುಳಿತಿದ್ದ ಬಂದೂಕುಗಳೂ ಕಲ್ಪನೆಯವಲ್ಲ.

ಮುಂದಿನದು ಕೆಲವೇ ದಿನಗಳಲ್ಲಿ ನಡೆದುಹೋಯಿತು. ಕರಪತ್ರ ತಮ್ಮದಲ್ಲ, ಅದರಲ್ಲಿ ತಮಗೆ ಅಂಟಿಸಿದ ಪದವಿಯನ್ನು ತಾವು ಎಂದೂ ಬಳಸಿಲ್ಲ ಎಂದು ಪುಷಿಲಿನ್ ಹೇಳಿದರು. ನಗರದ ಮುಖ್ಯ ಧರ್ಮಗುರು ಪಿಂಖಾಸ್ ವಿಶೆಡ್ಸ್ಕಿ ಇದೊಂದು ಕುಚೋದ್ಯದ ಪ್ರಚೋದನೆ, ಇದನ್ನು ಹಿಡಿದು ಜಗ್ಗಾಡುವುದು ಬೇಡ ಎಂದು ಕೇಳಿಕೊಂಡರು. ಆದರೆ ಏಪ್ರಿಲ್ 17ರಂದು ಉಕ್ರೇನ್ ಕುರಿತ ಮಾತುಕತೆಗೆ ಜಿನೀವಾಕ್ಕೆ ಬಂದಿದ್ದ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ ಜಗತ್ತಿನ ಕ್ಯಾಮೆರಾಗಳ ಮುಂದೆ ಆ ಕರಪತ್ರವನ್ನು ಉಗ್ರವಾಗಿ ಖಂಡಿಸಿದರು. ಅಲ್ಲಿಂದ ಅದು ಡೊನೆಟ್ಸ್ಕ್‌ನ ಯಹೂದಿಗಳ ಕೈತಪ್ಪಿ ದೊಡ್ಡ ರಾಷ್ಟ್ರಗಳ ವಾಗ್ವಾದದ ಸರಕಾಯಿತು. ಒಂದು ಕಡೆಯವರಿಗೆ ಅದು ಪ್ರತ್ಯೇಕತಾವಾದಿಗಳು ನಾಜಿಗಳೆಂಬುದಕ್ಕೆ ಸಾಕ್ಷಿ. ಇನ್ನೊಂದು ಕಡೆಯವರಿಗೆ ಕೀವ್ ಮತ್ತು ವಾಷಿಂಗ್ಟನ್ ಹೆಣೆದ ಸುಳ್ಳಿಗೆ ಸಾಕ್ಷಿ. ಯಾರೂ ನೋಂದಣಿ ನಡೆಸಲಿಲ್ಲ, ಯಾರೂ ಹಣ ವಸೂಲಿ ಮಾಡಲಿಲ್ಲ. ಬರೆದವರು ಯಾರೆಂದು ಇಂದಿಗೂ ಸಾಬೀತಾಗಿಲ್ಲ. ವಾರ ಕಳೆಯುವಷ್ಟರಲ್ಲಿ ಪತ್ರಿಕೆಗಳು ಬೇರೆ ಸುದ್ದಿಗೆ ಹೊರಳಿದವು.

ಹಾಗೆ ಹೊರಳಿದ್ದು ತಪ್ಪು ಎಂಬುದು ನನ್ನ ವಾದ. ಕರಪತ್ರ ಅಸಲಿಯೋ ನಕಲಿಯೋ ಎಂಬ ಪ್ರಶ್ನೆ ಇದ್ದ ಗಮನವನ್ನೆಲ್ಲ ನುಂಗಿತು. ಅದು ಅಪರಾಧಿಯನ್ನು ಗುರುತಿಸಲು ಬೇಕಾದ ಪ್ರಶ್ನೆ, ಅದನ್ನು ಕೇಳಲೇಬೇಕು. ಆದರೆ ಅದರಾಚೆಗೆ ಇನ್ನೂ ಮುಖ್ಯವಾದ ಪ್ರಶ್ನೆಗಳಿದ್ದವು. ಒಂದು ಹಾಳೆ ಕಾಗದಕ್ಕೆ ಅಷ್ಟು ಜನರನ್ನು ನಡುಗಿಸುವ ಶಕ್ತಿ ಬಂದದ್ದು ಎಲ್ಲಿಂದ? ಗಡಿಗಾಗಿ, ದೇಶಕ್ಕಾಗಿ ಎರಡು ಪಾಳೆಯಗಳು ಬಡಿದಾಡುವಾಗ ಎರಡರ ಬಾಯಲ್ಲೂ ಯಹೂದಿಯ ಹೆಸರು ಬರುವುದೇಕೆ? ಅವನನ್ನು ಬೆದರಿಸುವುದು ಒಬ್ಬರಿಗೆ ಲಾಭವಾದರೆ, ಅವನ ಬೆದರಿಕೆಯನ್ನು ಎತ್ತಿ ತೋರಿಸುವುದು ಇನ್ನೊಬ್ಬರಿಗೆ ಲಾಭ. ಈ ಎರಡು ಲಾಭಗಳ ನಡುವೆ ಆ ಮನುಷ್ಯನ ಸುರಕ್ಷತೆ ಯಾರ ಹೊಣೆಯೂ ಆಗದೆ ಉಳಿಯುತ್ತದೆ. ಡೊನೆಟ್ಸ್ಕ್‌ನಲ್ಲಿ ಆದದ್ದು ಅದು.

ಮೊದಲು ಆ ಕಾಗದದ ಶಕ್ತಿಯನ್ನು ನೋಡೋಣ. 1941ರ ಸೆಪ್ಟೆಂಬರ್ 28ರಂದು ಜರ್ಮನ್ನರ ವಶದಲ್ಲಿದ್ದ ಕೀವ್ ನಗರದ ಗೋಡೆಗಳ ಮೇಲೆ ಒಂದು ನೋಟಿಸು ಅಂಟಿಸಲಾಯಿತು. ನಗರದ ಎಲ್ಲ ಯಹೂದಿಗಳೂ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಇಂಥ ಬೀದಿಯ ಮೂಲೆಗೆ ಬರಬೇಕು, ಗುರುತಿನ ಪತ್ರ, ಹಣ, ಬೆಲೆಬಾಳುವ ವಸ್ತು, ಬೆಚ್ಚನೆಯ ಬಟ್ಟೆ ತರಬೇಕು, ಬಾರದವರಿಗೆ ಗುಂಡು. ಬೇರೆ ಊರಿಗೆ ಸಾಗಿಸುತ್ತಾರೆ ಎಂದುಕೊಂಡು ಜನ ಗಂಟುಮೂಟೆ ಕಟ್ಟಿಕೊಂಡು, ಮಕ್ಕಳ ಕೈಹಿಡಿದು ಬಂದರು. ಬಾಬಿನ್ ಯಾರ್ ಎಂಬ ಕಣಿವೆಯ ಅಂಚಿನಲ್ಲಿ ಎರಡು ದಿನಗಳಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಈ ಸಂಖ್ಯೆಯನ್ನು ಕೊಂದವರೇ ತಮ್ಮ ವರದಿಯಲ್ಲಿ ಲೆಕ್ಕವಿಟ್ಟು ಬರೆದಿದ್ದಾರೆ. ಆ ಹತ್ಯೆಗೆ ಮುಂದಿಟ್ಟ ನೆಪವನ್ನೂ ನೆನಪಿಡಬೇಕು. ಹಿಮ್ಮೆಟ್ಟಿದ ಸೋವಿಯತ್ ಪಡೆಗಳು ನಗರದ ಮುಖ್ಯ ಬೀದಿಯಲ್ಲಿ ಹುದುಗಿಸಿಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಜರ್ಮನ್ ಅಧಿಕಾರಿಗಳು ಸತ್ತಿದ್ದರು. ಅದರ ಸೇಡನ್ನು ಯಹೂದಿಗಳ ಮೇಲೆ ತೀರಿಸಿಕೊಂಡರು. ಆಗ ಸ್ಟಾಲಿನೊ ಎಂದು ಕರೆಯುತ್ತಿದ್ದ ಡೊನೆಟ್ಸ್ಕ್‌ನಲ್ಲೂ ನಾಜಿಗಳು ಯಹೂದಿಗಳು ಸೇರಿದಂತೆ ಸಾವಿರಾರು ಜನರ ಹೆಣಗಳನ್ನು ಕಲ್ಲಿದ್ದಲು ಗಣಿಯ ಬಾವಿಗೆ ಎಸೆದರು. ಉಕ್ರೇನಿನ ನೆಲದಲ್ಲಿ ನಾಜಿಗಳ ಕಾಲದಲ್ಲಿ ಕೊಲೆಯಾದ ಯಹೂದಿಗಳು ಸುಮಾರು 15 ಲಕ್ಷ. ಇಂಥ ನೆಲದಲ್ಲಿ ನೋಂದಣಿ, ಆಸ್ತಿ ವಿವರ, ಗಡುವು, ಗಡೀಪಾರು ಎಂಬ ಮಾತುಗಳನ್ನು ಒಂದೇ ಹಾಳೆಯಲ್ಲಿ ಪೋಣಿಸಿದವನಿಗೆ ತಾನು ಯಾವ ನೆನಪನ್ನು ಕೆದಕುತ್ತಿದ್ದೇನೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಅವನು ಯಾವ ಪಾಳೆಯದವನಾಗಿದ್ದರೂ ಸರಿ, ಅವನ ಲೆಕ್ಕಾಚಾರ ನಿಂತಿದ್ದದ್ದು ಈ ನೆನಪಿನ ಮೇಲೆ.

ಇದಕ್ಕೂ ಹಿಂದಿನ ಒಂದು ಅಧ್ಯಾಯ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಮೊದಲ ಮಹಾಯುದ್ಧದ ಕೊನೆಯಲ್ಲಿ ರಷ್ಯಾ ಸಾಮ್ರಾಜ್ಯ ಕುಸಿದು ಉಕ್ರೇನು ಸ್ವತಂತ್ರವಾಗಲು ಹೆಣಗಿದ 1918ರಿಂದ 1921ರವರೆಗಿನ ವರ್ಷಗಳಲ್ಲಿ ಸಿಮೊನ್ ಪೆಟ್ಲ್ಯೂರ ಅವರ ಉಕ್ರೇನಿ ಪಡೆ, ಡೆನಿಕಿನ್ ಅವರ ಬೋಲ್ಶೆವಿಕ್ ವಿರೋಧಿ ಬಿಳಿ ಸೇನೆ, ಬೋಲ್ಶೆವಿಕರ ಕೆಂಪು ಸೇನೆ, ಊರೂರಿನ ಸ್ವಯಂಘೋಷಿತ ದಂಡನಾಯಕರು ಎಲ್ಲರೂ ಒಂದೇ ನೆಲಕ್ಕಾಗಿ ಕಾದಾಡಿದರು. ಯಹೂದಿಗಳು ಬೋಲ್ಶೆವಿಕರ ಕಡೆಯವರೆಂದು ಉಕ್ರೇನಿ ಸೈನಿಕರು ಕೊಂದರು. ರಷ್ಯಾದ ಅಖಂಡತೆ ಮುರಿದವರೆಂದು ಬಿಳಿ ಸೈನಿಕರು ಕೊಂದರು. ಬಂಡವಾಳಗಾರರೆಂದು ಕೆಂಪು ಸೈನಿಕರಲ್ಲೂ ಕೆಲವು ತುಕಡಿಗಳು ಕೊಂದವು. 1919ರ ಫೆಬ್ರವರಿಯಲ್ಲಿ ಪ್ರೊಸ್ಕುರಿವ್ ಪಟ್ಟಣವೊಂದರಲ್ಲೇ ಕೆಲವು ಗಂಟೆಗಳಲ್ಲಿ ಸುಮಾರು 1,500 ಜನ ಹತರಾದರು. ಆ ವರ್ಷಗಳ ಒಟ್ಟು ಸಾವು ಕನಿಷ್ಠ 50,000, ಲಕ್ಷ ದಾಟುತ್ತದೆ ಎನ್ನುವ ಅಂದಾಜುಗಳೂ ಇವೆ. ಒಬ್ಬನೇ ಮನುಷ್ಯ ಏಕಕಾಲಕ್ಕೆ ಕಮ್ಯುನಿಸ್ಟನೂ ಬಂಡವಾಳಗಾರನೂ, ಪ್ರತ್ಯೇಕತಾವಾದಿಯೂ ಅಖಂಡತಾವಾದಿಯೂ ಆಗಿರಲು ಸಾಧ್ಯವಿಲ್ಲ. ಆದರೆ ಆ ಆರೋಪಗಳಿಗೆ ಹೊಂದಾಣಿಕೆಯ ಅಗತ್ಯವೇ ಇರಲಿಲ್ಲ. ಹೊಸ ಗಡಿ ಎಳೆಯಲು ಹೊರಟವನಿಗೆ ಯಾರು ನಮ್ಮವರು ಎಂಬುದನ್ನು ಬೇಗ ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನದ ಸುಲಭದ ದಾರಿ ನಮ್ಮವರಲ್ಲದವರನ್ನು ಹೆಸರಿಸುವುದು. ಎರಡೂ ಕಡೆ ನೆಂಟರು, ವ್ಯಾಪಾರ, ಭಾಷೆ ಇರುವ ಅಲ್ಪಸಂಖ್ಯಾತನು ಆ ಹೊತ್ತಿನಲ್ಲಿ ಇಬ್ಬರಿಗೂ ಅನುಮಾನದ ವಸ್ತುವಾಗುತ್ತಾನೆ. ಪ್ರತ್ಯೇಕತೆಯ ಸಂಘರ್ಷಗಳಲ್ಲಿ ಯಹೂದಿ ದ್ವೇಷ ಎದ್ದುಬರುವುದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಇದು.

2014ಕ್ಕೆ ಬಂದರೆ ಅದೇ ಗುಣ ಹೊಸ ಉಡುಪಿನಲ್ಲಿ ಕಾಣಿಸುತ್ತದೆ. ಫೆಬ್ರವರಿಯಲ್ಲಿ ಅಧ್ಯಕ್ಷ ಯಾನುಕೊವಿಚ್ ಕೀವ್ ಬಿಟ್ಟು ಓಡಿಹೋದ ಮೇಲೆ ಮಾಸ್ಕೋದ ಟಿವಿ ವಾಹಿನಿಗಳು ಹೊಸ ಸರ್ಕಾರವನ್ನು ಫ್ಯಾಸಿಸ್ಟರ ಕೂಟ ಎಂದು ದಿನವಿಡೀ ಬಣ್ಣಿಸಿದವು. ಮಾರ್ಚ್ 4ರ ಪತ್ರಿಕಾಗೋಷ್ಠಿಯಲ್ಲಿ ಪುಟಿನ್ ಅವರು ಉಕ್ರೇನಿನಲ್ಲಿ ಯಹೂದಿ ದ್ವೇಷಿ ಶಕ್ತಿಗಳು ಅಟ್ಟಹಾಸ ಮಾಡುತ್ತಿವೆ ಎಂದರು. ಮರುದಿನವೇ ಉಕ್ರೇನಿನ ಯಹೂದಿ ಸಂಘಟನೆಗಳ ನಾಯಕರು, ಅವರಲ್ಲಿ ಸೋವಿಯತ್ ಕಾಲದಲ್ಲಿ ಜೈಲು ಕಂಡಿದ್ದ ಯೋಸಿಫ್ ಜಿಸೆಲ್ಸ್ ಕೂಡ ಇದ್ದರು, ಪುಟಿನ್ ಅವರಿಗೆ ಬಹಿರಂಗ ಪತ್ರ ಬರೆದು, ತಮ್ಮ ರಕ್ಷಣೆಯ ಹೆಸರಿನಲ್ಲಿ ತಮ್ಮ ದೇಶವನ್ನು ಒಡೆಯುವುದು ಬೇಡ ಎಂದರು. ಕ್ರೈಮಿಯಾದ ರಾಜಧಾನಿ ಸಿಮ್ಫೆರೊಪೋಲ್‌ನ ಸಿನಗಾಗ್‌ನ ಗೋಡೆಯ ಮೇಲೆ ಫೆಬ್ರವರಿ ಕೊನೆಯಲ್ಲಿ, ಗುರುತಿನ ಚಿಹ್ನೆಯಿಲ್ಲದ ಸಮವಸ್ತ್ರದ ರಷ್ಯಾ ಸೈನಿಕರು ಆ ನಗರವನ್ನು ಹಿಡಿಯುತ್ತಿದ್ದ ಹೊತ್ತಿನಲ್ಲೇ, ಯಾರೋ ಸ್ವಸ್ತಿಕವನ್ನೂ ಯಹೂದಿಗಳಿಗೆ ಸಾವು ಎಂಬ ಬರಹವನ್ನೂ ಗೀಚಿದರು. ಏಪ್ರಿಲ್‌ನಲ್ಲಿ ಮಿಕೊಲಾಯಿವ್‌ನ ಸಿನಗಾಗ್‌ನ ಮೇಲೆ ಪೆಟ್ರೋಲ್ ಬಾಂಬು ಬಿತ್ತು. ಇವುಗಳಲ್ಲೂ ಪ್ರತಿ ಪಾಳೆಯವೂ ಎದುರು ಪಾಳೆಯದತ್ತ ಬೆರಳು ತೋರಿಸಿತು. ಹೊಸ ಕೀವ್ ಸರ್ಕಾರವು ನಾಜಿಗಳದ್ದು ಎನ್ನುತ್ತಿದ್ದ ಅದೇ ಪ್ರಚಾರ, ಆ ಸರ್ಕಾರ ಯಹೂದಿ ಕುಬೇರರ ಕೈಗೊಂಬೆ ಎಂದೂ ಹೇಳುತ್ತಿತ್ತು. ಡೊನೆಟ್ಸ್ಕ್‌ನ ಕರಪತ್ರದೊಳಗೂ ಇದೇ ವಿರೋಧಾಭಾಸ ಇತ್ತು. ಬಂಡೇರಾ ಹೆಸರು ನಾಜಿಗಳೊಂದಿಗೆ ಕೈಜೋಡಿಸಿದ ರಾಷ್ಟ್ರವಾದಕ್ಕೆ ಅಂಟಿಕೊಂಡದ್ದು. ಆ ಬಂಡೇರಾವಾದಿಗಳನ್ನು ಬೆಂಬಲಿಸಿದ್ದಕ್ಕೆ ಯಹೂದಿಗಳಿಗೆ ಶಿಕ್ಷೆ ಎಂದು ಅದು ಹೇಳುತ್ತಿತ್ತು. 1919ರ ಆರೋಪಗಳಿಗೆ ಹೇಗೆ ತರ್ಕ ಬೇಕಿರಲಿಲ್ಲವೋ 2014ರದ್ದಕ್ಕೂ ಬೇಕಿರಲಿಲ್ಲ.

ಕರಪತ್ರ ಒಂದು ಕಡೆ ಇರಲಿ, ಸಹಿ ಯಾರದೆಂಬ ಅನುಮಾನವೇ ಇಲ್ಲದ ಮಾತುಗಳು ಆಮೇಲೆ ಬಂದವು. 2015ರ ಫೆಬ್ರವರಿಯಲ್ಲಿ ಡೊನೆಟ್ಸ್ಕ್‌ನ ಅಂದಿನ ನಾಯಕ ಅಲೆಕ್ಸಾಂಡರ್ ಜಖರ್ಚೆಂಕೊ, ಕೀವ್‌ನ ಆಡಳಿತಗಾರರನ್ನು ಮಹಾನ್ ಯಹೂದಿ ಜನಾಂಗದ ದರಿದ್ರ ಪ್ರತಿನಿಧಿಗಳು ಎಂಬರ್ಥದಲ್ಲಿ ಹೀಗಳೆದರು. ಅವರನ್ನು ಯಹೂದಿಗಳೆಂದು ಕರೆಯುವುದೇ ಅಲ್ಲಿ ಬೈಗುಳವಾಗಿತ್ತು. ಅದೇ ವರ್ಷ ನೆರೆಯ ಪ್ರತ್ಯೇಕತಾವಾದಿ ಪ್ರದೇಶ ಲುಹಾನ್ಸ್ಕ್‌ನ ಅಂದಿನ ನಾಯಕ ಇಗೊರ್ ಪ್ಲೊಟ್ನಿಟ್ಸ್ಕಿ ಉಕ್ರೇನನ್ನು ಆಳುತ್ತಿರುವವರು ಯಹೂದಿಗಳು ಎಂಬ ಮಾತನ್ನು ಸಾರ್ವಜನಿಕವಾಗಿ ಆಡಿದರು. ಡೊನೆಟ್ಸ್ಕ್‌ನಲ್ಲಿ ಮೊದಲು ತನ್ನನ್ನು 'ಜನರ ಗವರ್ನರ್' ಎಂದು ಘೋಷಿಸಿಕೊಂಡ ಪಾವೆಲ್ ಗುಬಾರೆವ್ ಹಿಂದೆ ರಷ್ಯಾದ ನವನಾಜಿ ಸಂಘಟನೆಯಾದ 'ರಷ್ಯನ್ ರಾಷ್ಟ್ರೀಯ ಏಕತೆ'ಯ ಸದಸ್ಯರಾಗಿದ್ದವರು. ಇವೆಲ್ಲ ರಾಜಕೀಯ ಎದುರಾಳಿಗಳ ಮೇಲಿನ ಟೀಕೆ, ಸಾಮಾನ್ಯ ಯಹೂದಿಯ ಮೇಲಲ್ಲ ಎನ್ನುವವರಿದ್ದಾರೆ. ನನಗೆ ಈ ಸಮಾಧಾನ ಒಪ್ಪಿತವಲ್ಲ. ಅಧ್ಯಕ್ಷನೊಬ್ಬನ ಭ್ರಷ್ಟಾಚಾರವನ್ನೋ ಯುದ್ಧ ನೀತಿಯನ್ನೋ ಟೀಕಿಸಲು ಅವನ ಅಜ್ಜನ ಕುಲ ಕೆದಕಬೇಕಿಲ್ಲ. ಕುಲವನ್ನು ಕೆದಕಿದಾಗ ಟೀಕೆ ಆ ಕುಲದ ಕೊನೆಯ ಮನೆಯವರೆಗೂ ಮುಟ್ಟುತ್ತದೆ. ಅತ್ಯುನ್ನತ ನಾಯಕರು ವೇದಿಕೆಯಿಂದ ಹೀಗೆ ಮಾತಾಡುವ ಊರಿನಲ್ಲಿ ಮುಖಗವಸು ತೊಟ್ಟವನು ಹಂಚಿದ ಹಾಳೆಯನ್ನು ಸುಳ್ಳೆಂದು ತಳ್ಳಿಹಾಕುವ ಧೈರ್ಯ ಯಾರಿಗೆ ಬಂದೀತು?

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಕರಪತ್ರ ಬಹುಪಾಲು ನಕಲಿಯೇ. ಧರ್ಮಗುರುಗಳೇ ಹಾಗೆಂದರು. ಅಮೆರಿಕದ ಯಹೂದಿ ಹಕ್ಕುಗಳ ಪ್ರಮುಖ ಸಂಘಟನೆಯ ಮುಖ್ಯಸ್ಥ ಏಬ್ರಹಾಂ ಫಾಕ್ಸ್‌ಮನ್ ಕೂಡ ಅದರ ಅಸಲಿತನದ ಬಗ್ಗೆ ಅನುಮಾನ ಹೇಳಿದರು. ಹೀಗಿರುವಾಗ ಅದಕ್ಕೆ ಮಹತ್ವ ಕೊಡುವುದೇ ಪ್ರಚಾರಕ್ಕೆ ಬಲಿಯಾದಂತಲ್ಲವೇ? ಈ ಆಕ್ಷೇಪದ ಅರ್ಧ ಭಾಗವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕೆರಿ ಅವರು ಅವಸರಪಟ್ಟರು. ಪರಿಶೀಲನೆಯಾಗದ ಕಾಗದವನ್ನು ರಾಜತಾಂತ್ರಿಕ ಅಸ್ತ್ರವಾಗಿ ಬಳಸಿದಾಗ, ಅದು ನಕಲಿಯೆಂಬ ಅನುಮಾನ ಹುಟ್ಟಿದ ಕೂಡಲೇ ಮುಂದಿನ ಅಸಲಿ ದೂರು ಕೂಡ ನಂಬಿಕೆ ಕಳೆದುಕೊಳ್ಳುತ್ತದೆ. ಆ ನಷ್ಟ ಕೆರಿ ಅವರಿಗಲ್ಲ, ನಾಳೆ ನಿಜವಾಗಿ ಬೆದರಿಕೆ ಬಂದಾಗ ಕೂಗುವ ಯಹೂದಿಗೆ. ಸುಳ್ಳು ಆರೋಪ ಹೊರಿಸಿಕೊಂಡ ಪಾಳೆಯಕ್ಕೆ ತನ್ನೊಳಗಿನ ನಿಜವಾದ ದ್ವೇಷವನ್ನೂ ಶತ್ರುವಿನ ಕಟ್ಟುಕಥೆ ಎಂದು ತಳ್ಳಿಹಾಕಲು ಅವಕಾಶ ಸಿಗುತ್ತದೆ. ಹಾಗಾಗಿ ಸತ್ಯಶೋಧನೆಯ ಶಿಸ್ತು ಇಲ್ಲಿ ಸಂತ್ರಸ್ತರ ಹಿತದ ಭಾಗವೇ.

ಆಕ್ಷೇಪದ ಉಳಿದರ್ಧ, ಅಂದರೆ ನಕಲಿಯಾದ್ದರಿಂದ ನಿರುಪದ್ರವಿ ಎಂಬುದು ಮಾತ್ರ ತಪ್ಪು. ಇದಕ್ಕೆ ಇತಿಹಾಸದಲ್ಲಿ ಪಾಠವಿದೆ. 1959ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಪಶ್ಚಿಮ ಜರ್ಮನಿಯ ಕೊಲೋನ್ ನಗರದಲ್ಲಿ, ಆಗಷ್ಟೇ ಮತ್ತೆ ಕಟ್ಟಿ ತೆರೆದಿದ್ದ ಸಿನಗಾಗ್‌ನ ಗೋಡೆಗೆ ಇಬ್ಬರು ಯುವಕರು ಸ್ವಸ್ತಿಕ ಬಳಿದರು. ಸಿಕ್ಕಿಬಿದ್ದ ಅವರು ಬಲಪಂಥೀಯ ಪಕ್ಷವೊಂದರ ಸದಸ್ಯರು. ಕೆಲವೇ ವಾರಗಳಲ್ಲಿ ಜರ್ಮನಿಯಾದ್ಯಂತ ನೂರಾರು, ಆಮೇಲೆ ಯುರೋಪು, ಅಮೆರಿಕಗಳಲ್ಲೂ ಅಂಥ ಘಟನೆಗಳು ನಡೆದವು. ಪಶ್ಚಿಮ ಜರ್ಮನಿಯ ಹೆಸರು ಕೆಡಿಸಲು ಸೋವಿಯತ್ ಗುಪ್ತಚರ ಸಂಸ್ಥೆ ಇದರ ಹಿಂದೆ ಕೈಯಾಡಿಸಿತ್ತು ಎಂದು ಪಕ್ಷಾಂತರ ಮಾಡಿ ಬಂದ ಗೂಢಚಾರರು ನಂತರ ಹೇಳಿದರು. ಆ ಆರೋಪ ಎಷ್ಟರ ಮಟ್ಟಿಗೆ ನಿಜವಾದರೂ ಒಂದು ಸಂಗತಿ ಬದಲಾಗದು. ಬಣ್ಣದ ಡಬ್ಬಿ ಹಿಡಿದ ನೂರಾರು ಕೈಗಳಲ್ಲಿ ಬಹುಪಾಲು ಯಾರ ಆದೇಶವೂ ಇಲ್ಲದೆ, ಒಳಗಿದ್ದ ದ್ವೇಷದಿಂದಲೇ ಎದ್ದವು. ಪ್ರಚೋದನೆ ಬೆಂಕಿಕಡ್ಡಿ ಮಾತ್ರ, ಒಣಹುಲ್ಲು ಮೊದಲೇ ಇತ್ತು. ಆ ಅಲೆಯ ಗಂಭೀರತೆಯನ್ನು ಗ್ರಹಿಸಿದ ವಿಶ್ವಸಂಸ್ಥೆಯು ಜನಾಂಗೀಯ ತಾರತಮ್ಯದ ವಿರುದ್ಧ ಕೆಲಸ ಆರಂಭಿಸಿ 1965ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವನ್ನೇ ರೂಪಿಸಿತು. ಭಾರತವೂ ಅದರ ಸದಸ್ಯ. ಮೂಲದಲ್ಲಿ ಗೂಢಚಾರರ ಕೈವಾಡವಿತ್ತೆಂದು ಆಗ ಯಾರಾದರೂ ಸುಮ್ಮನಿದ್ದಿದ್ದರೆ ಆ ಒಪ್ಪಂದ ಹುಟ್ಟುತ್ತಿರಲಿಲ್ಲ.

ನಕಲಿ ಬೆದರಿಕೆಯ ವಿಷಯದಲ್ಲಿ ಮರೆತುಹೋಗುವ ಇನ್ನೊಂದು ಅಂಶ ಹೊಣೆಗಾರಿಕೆಯದು. ಪುಷಿಲಿನ್ ಅವರು ಕರಪತ್ರ ತಮ್ಮದಲ್ಲ ಎಂದದ್ದು ನಿಜವೇ ಇರಬಹುದು. ಆದರೆ ಆ ಬೀದಿಯ ಮೇಲೆ, ಆ ಕಟ್ಟಡದ ಮೇಲೆ ಅಧಿಕಾರ ತಮ್ಮದೆಂದು ಜಗತ್ತಿಗೆ ಸಾರಿಕೊಂಡಿದ್ದವರು ಅವರೇ. ಹೊಸ ಗಣರಾಜ್ಯ ಕಟ್ಟುತ್ತೇವೆ ಎನ್ನುವವರ ಹೆಸರಿನಲ್ಲಿ, ಅವರ ಕಚೇರಿಯ ವಿಳಾಸ ಹಾಕಿ, ಅವರ ಪ್ರಜೆಗಳೆಂದು ಅವರೇ ಹೇಳಿಕೊಂಡ ಜನರಿಗೆ ಗಡೀಪಾರಿನ ಬೆದರಿಕೆ ಹಾಕಿದವನನ್ನು ಹುಡುಕಿ ಹಿಡಿಯುವುದು ಅವರ ಮೊದಲ ಕೆಲಸವಾಗಬೇಕಿತ್ತು. ಸಿನಗಾಗ್‌ಗೆ ಕಾವಲು ಹಾಕಿ, ಸಮುದಾಯದ ಹಿರಿಯರನ್ನು ಕರೆಸಿ, ಈ ನೆಲದಲ್ಲಿ ನೀವು ಎಲ್ಲರಂತೆ ಪ್ರಜೆಗಳು ಎಂದು ಲಿಖಿತವಾಗಿ ಘೋಷಿಸಬಹುದಿತ್ತು. ನಾವಲ್ಲ ಎಂಬುದು ಆರೋಪಿ ಕೊಡುವ ಉತ್ತರ, ಆಳುವವನು ಅಷ್ಟಕ್ಕೆ ನಿಲ್ಲಿಸುವಂತಿಲ್ಲ. ಜಿನೀವಾದಲ್ಲಿ ಕುಳಿತವರ ನಡೆಯೂ ಇದಕ್ಕಿಂತ ಮೇಲಿರಲಿಲ್ಲ. ಏಪ್ರಿಲ್ 17ರ ಜಂಟಿ ಹೇಳಿಕೆಯಲ್ಲಿ ಅಮೆರಿಕ, ರಷ್ಯಾ, ಉಕ್ರೇನ್, ಐರೋಪ್ಯ ಒಕ್ಕೂಟ ನಾಲ್ವರೂ ಯಹೂದಿ ದ್ವೇಷವನ್ನು ಹೆಸರಿಸಿ ಖಂಡಿಸಿದರು. ಅಷ್ಟು ಹೊತ್ತಿಗೆ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆಯ ವೀಕ್ಷಕರಿಗೆ ಉಕ್ರೇನಿನಲ್ಲಿ ಕೆಲಸ ಮಾಡಲು ಅನುಮತಿ ಸಿಕ್ಕಿ ಒಂದು ತಿಂಗಳಾಗುತ್ತ ಬಂದಿತ್ತು. ಆ ಕರಪತ್ರದ ಬಗ್ಗೆ ಸ್ವತಂತ್ರ ತನಿಖೆಯಾಗಲಿ ಎಂದು ಆ ಹೇಳಿಕೆಯಲ್ಲಿ ಒಂದು ಸಾಲು ಸೇರಿಸಿದ್ದರೆ ನಾಲ್ವರೂ ಕಟ್ಟುಬೀಳುತ್ತಿದ್ದರು. ಖಂಡನೆಗೆ ಯಾರಿಗೂ ಖರ್ಚಿರಲಿಲ್ಲ. ತನಿಖೆಯಾಗಿದ್ದರೆ ಯಾರಾದರೊಬ್ಬರ ಮುಖವಾಡ ಕಳಚುತ್ತಿತ್ತು.

ಎರಡನೆಯ ಆಕ್ಷೇಪ ಉಕ್ರೇನಿನ ಮೇಲಿನದು. ಬಂಡೇರಾ ಅವರನ್ನು ವೀರನೆಂದು ಪೂಜಿಸುವ ದೇಶ, ನವನಾಜಿಗಳ ಪಡೆ ಕಟ್ಟಿದ ದೇಶ ಯಹೂದಿಗಳ ಪರ ಮಾತಾಡಲು ಯೋಗ್ಯವೇ ಎಂದು ಕೇಳುತ್ತಾರೆ. ಇದರಲ್ಲಿ ಹುರುಳಿಲ್ಲ ಎಂದರೆ ಅಪ್ರಾಮಾಣಿಕತೆಯಾಗುತ್ತದೆ. 1941ರ ಬೇಸಗೆಯಲ್ಲಿ ಲ್ವೀವ್ ನಗರದಲ್ಲಿ ನಡೆದ ಯಹೂದಿ ಹತ್ಯಾಕಾಂಡದಲ್ಲಿ ಬಂಡೇರಾ ಅನುಯಾಯಿಗಳ ಪಾತ್ರ ಇತಿಹಾಸಕಾರರು ದಾಖಲಿಸಿದ ಸತ್ಯ. ಹಾಗಿದ್ದೂ 2015ರಲ್ಲಿ ಉಕ್ರೇನಿನ ಸಂಸತ್ತು ಬಂಡೇರಾ ಅವರ ಸಂಘಟನೆಯನ್ನು ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಗೆ ಸೇರಿಸಿತು. 2016ರಲ್ಲಿ ಕೀವ್‌ನ ಒಂದು ದೊಡ್ಡ ರಸ್ತೆಗೆ ಬಂಡೇರಾ ಹೆಸರಿಟ್ಟರು, ಆ ರಸ್ತೆ ಇರುವುದು ಬಾಬಿನ್ ಯಾರ್ ಇರುವ ಊರಿನಲ್ಲೇ. 2014ರಲ್ಲಿ ಹುಟ್ಟಿದ ಅಜೋವ್ ಪಡೆಯ ಸ್ಥಾಪಕ ಆಂಡ್ರಿ ಬಿಲೆಟ್ಸ್ಕಿ ತೀವ್ರ ಬಲಪಂಥೀಯ ಗುಂಪುಗಳನ್ನು ಮುನ್ನಡೆಸಿದವರು. ಆ ಪಡೆಯ ಲಾಂಛನವು ನಾಜಿ ತುಕಡಿಗಳೂ ಬಳಸಿದ್ದ ಚಿಹ್ನೆಯನ್ನೇ ಹೋಲುತ್ತದೆ. ಅದನ್ನು ರಾಷ್ಟ್ರೀಯ ರಕ್ಷಣಾ ದಳಕ್ಕೆ ಸೇರಿಸಿಕೊಂಡಾಗ ಕೀವ್ ದೊಡ್ಡ ರಾಜಿ ಮಾಡಿಕೊಂಡಿತು. ಯುದ್ಧದ ಒತ್ತಡದಲ್ಲಿ ಎಂಬ ವಿವರಣೆ ಅರ್ಥವಾಗುವಂಥದ್ದು, ಆದರೆ ಅದು ಸಮರ್ಥನೆಯಾಗದು.

ಆದರೆ ಉಕ್ರೇನ್ ಸಮಾಜವೇ ಯಹೂದಿ ದ್ವೇಷದಲ್ಲಿ ಮುಳುಗಿದೆ ಎಂಬ ಮುಂದಿನ ಹೆಜ್ಜೆಗೆ ಪುರಾವೆ ಸಿಗುವುದಿಲ್ಲ. 2014ರ ಮೇ ತಿಂಗಳ ಅಧ್ಯಕ್ಷೀಯ ಚುನಾವಣೆಯಲ್ಲಿ, ಮಾಸ್ಕೋ ಪ್ರಚಾರದ ದೊಡ್ಡ ಬೆದರುಬೊಂಬೆಯಾಗಿದ್ದ ಬಲಪಂಥೀಯ ನಾಯಕ ಡ್ಮಿಟ್ರೊ ಯಾರೊಷ್ ಅವರಿಗೆ ಬಂದದ್ದು ಶೇ 0.7 ಮತ. ಸ್ವೊಬೊಡಾ ಎಂಬ ಬಲಪಂಥೀಯ ಪಕ್ಷದ ಒಲೆಹ್ ತ್ಯಾಹ್ನಿಬೊಕ್ ಅವರಿಗೆ ಶೇ 1.16. ಈ ಇಬ್ಬರ ಮತ ಕೂಡಿಸಿದರೂ ಅದಕ್ಕಿಂತ ಹೆಚ್ಚು, ಶೇ 2.25ರಷ್ಟು ಮತ ಪಡೆದವರು ಯಹೂದಿ ಸಮುದಾಯದ ನಾಯಕ ವಾದಿಮ್ ರಬಿನೊವಿಚ್. 2012ರಲ್ಲಿ ಶೇ 10ಕ್ಕೂ ಹೆಚ್ಚು ಮತ ಗಳಿಸಿದ್ದ ಸ್ವೊಬೊಡಾ ಪಕ್ಷ 2014ರ ಅಕ್ಟೋಬರ್‌ನಲ್ಲಿ ಶೇ 5ರ ಮಿತಿಯನ್ನೂ ಮುಟ್ಟಲಿಲ್ಲ. ಪ್ಯೂ ಸಂಶೋಧನಾ ಕೇಂದ್ರ 2015-16ರಲ್ಲಿ ಮಧ್ಯ ಮತ್ತು ಪೂರ್ವ ಯುರೋಪಿನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಯಹೂದಿಗಳನ್ನು ಸಹಪ್ರಜೆಗಳಾಗಿ ಒಪ್ಪುವುದಿಲ್ಲ ಎಂದವರು ಉಕ್ರೇನಿನಲ್ಲಿ ಶೇ 5, ರಷ್ಯಾದಲ್ಲಿ ಶೇ 14, ಪೋಲೆಂಡಿನಲ್ಲಿ ಶೇ 18. 2019ರಲ್ಲಿ ಅದೇ ದೇಶ ಶೇ 73 ಮತ ಕೊಟ್ಟು ವೊಲೊಡಿಮಿರ್ ಜೆಲೆನ್‌ಸ್ಕಿ ಅವರನ್ನು ಆರಿಸಿತು. ಅವರು ಯಹೂದಿ ಎಂಬುದು ಆ ಚುನಾವಣೆಯಲ್ಲಿ ದೊಡ್ಡ ವಿಷಯವೇ ಆಗಲಿಲ್ಲ. ಬಂಡೇರಾ ರಸ್ತೆಯ ತಪ್ಪೂ ನಿಜ, ಈ ಅಂಕಿಗಳೂ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವವರು ಯಹೂದಿಗಳ ಚಿಂತೆಯಿಂದ ಮಾತಾಡುತ್ತಿಲ್ಲ.

ಮೂರನೆಯ ಆಕ್ಷೇಪ ನೋವಿನದು, ಅದನ್ನು ಮೆಲುವಾಗಿ ಎದುರಿಸಬೇಕು. 2014ರಿಂದ 2022ರ ಆರಂಭದವರೆಗೆ ಡೊನೆಟ್ಸ್ಕ್, ಲುಹಾನ್ಸ್ಕ್ ಸೇರಿದ ಡೊನ್ಬಾಸ್ ಪ್ರದೇಶದ ಯುದ್ಧದಲ್ಲಿ ಸತ್ತವರು 14,000ಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಲೆಕ್ಕ. ಅದರಲ್ಲಿ 3,400ರಷ್ಟು ನಾಗರಿಕರು. ಅವರು ಯಾವ ಕುಲದವರೆಂದು ನೋಡಿ ಶೆಲ್ ಬೀಳಲಿಲ್ಲ. ಹಾಗಿರುವಾಗ ಯಾರೂ ಸಾಯದ ಒಂದು ಕರಪತ್ರದ ಬಗ್ಗೆ ಇಷ್ಟು ಬರೆಯುವುದೇಕೆ? ಸಾವುಗಳನ್ನು ತೂಗಿ ನೋಡುವ ಉದ್ದೇಶ ನನಗಿಲ್ಲ. ಶೆಲ್ ಬಿದ್ದ ಮನೆಯ ದುಃಖಕ್ಕೆ ಯಾವ ಕರಪತ್ರವೂ ಸಮನಲ್ಲ. ಆದರೆ ಯುದ್ಧ ಒಂದಲ್ಲ ಒಂದು ದಿನ ನಿಲ್ಲುತ್ತದೆ, ಆಗ ಉಳಿದವರು ಯಾವ ನಿಯಮದ ಮೇಲೆ ಒಟ್ಟಿಗೆ ಬಾಳುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಪಟ್ಟಿಗೆ ಹೆಸರು ಬರೆಸಬೇಕಾದವರು, ಬರೆಸಬೇಕಿಲ್ಲದವರು ಎಂದು ಪ್ರಜೆಗಳನ್ನು ಎರಡು ಸಾಲಿನಲ್ಲಿ ನಿಲ್ಲಿಸುವ ಕಲ್ಪನೆ ಒಮ್ಮೆ ಬೀದಿಗೆ ಬಂದರೆ, ಅದು ಯಹೂದಿಗಳಲ್ಲಿ ನಿಲ್ಲುವುದಿಲ್ಲ. ರಷ್ಯಾ ವಶಪಡಿಸಿಕೊಂಡ ಕ್ರೈಮಿಯಾದಲ್ಲಿ ತಾತಾರ್ ಮುಸ್ಲಿಮರ ಪ್ರತಿನಿಧಿ ಸಭೆಯಾದ ಮೆಜ್ಲಿಸ್ ಅನ್ನು 2016ರಲ್ಲಿ ಉಗ್ರವಾದಿ ಎಂದು ನಿಷೇಧಿಸಿದರು. ಡೊನೆಟ್ಸ್ಕ್‌ನಲ್ಲಿ ಯೆಹೋವನ ಸಾಕ್ಷಿಗಳ ಪ್ರಾರ್ಥನಾ ಸ್ಥಳಗಳನ್ನು ಕಿತ್ತುಕೊಂಡರು. ಮೊದಲ ಪಟ್ಟಿಯನ್ನು ಗಂಭೀರವಾಗಿ ತೆಗೆದುಕೊಳ್ಳದವರು ಎರಡನೆಯದಕ್ಕೆ ಉತ್ತರವಿಲ್ಲದೆ ನಿಲ್ಲುತ್ತಾರೆ.

2022ರ ಫೆಬ್ರವರಿ 24ರಂದು ಪೂರ್ಣ ಯುದ್ಧ ಶುರುವಾದಾಗ ಪುಟಿನ್ ಅವರು ಮುಂದಿಟ್ಟ ಕಾರಣಗಳಲ್ಲಿ ಒಂದು ಉಕ್ರೇನನ್ನು ನಾಜಿಮುಕ್ತಗೊಳಿಸುವುದು. ಅದಕ್ಕೆ ಗುರಿಯಾದ ಸರ್ಕಾರದ ಅಧ್ಯಕ್ಷ ಯಹೂದಿ, ಅವರ ಅಜ್ಜ ಕೆಂಪು ಸೇನೆಯಲ್ಲಿ ನಾಜಿಗಳ ವಿರುದ್ಧ ಹೋರಾಡಿದವರು. ಮಾರ್ಚ್ 1ರಂದು ಕೀವ್‌ನ ಟಿವಿ ಗೋಪುರಕ್ಕೆ ರಷ್ಯಾ ಕ್ಷಿಪಣಿ ಬಡಿದು, ಬಾಬಿನ್ ಯಾರ್ ಸ್ಮಾರಕದ ಪಕ್ಕದಲ್ಲೇ ಜನ ಸತ್ತರು. ಅದೇ ದಿನ ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ, ಆ ಯುದ್ಧ ನಮ್ಮ ಮನೆಗಳಿಗೂ ಬಂತು. ಮೇ 1ರಂದು ರಷ್ಯಾದ ವಿದೇಶಾಂಗ ಸಚಿವ ಸೆರ್ಗೇಯ್ ಲಾವ್ರೊವ್ ಇಟಲಿಯ ಟಿವಿಯಲ್ಲಿ, ಜೆಲೆನ್‌ಸ್ಕಿ ಯಹೂದಿಯಾದರೇನು, ಹಿಟ್ಲರನಲ್ಲೂ ಯಹೂದಿ ರಕ್ತವಿತ್ತು ಎಂಬ ಹಳೆಯ ಕಟ್ಟುಕಥೆಯನ್ನು ಮತ್ತೆ ಹೇಳಿದರು. ಕೊಲೆಯಾದವರನ್ನೇ ಕೊಲೆಗಾರರ ಸಾಲಿಗೆ ಸೇರಿಸುವ ಮಾತದು. ಇಸ್ರೇಲ್ ಕೆರಳಿತು, ಪುಟಿನ್ ಅವರು ಇಸ್ರೇಲಿನ ಪ್ರಧಾನಿಗೆ ಕ್ಷಮೆ ಕೇಳಿದರೆಂದು ಇಸ್ರೇಲ್ ತಿಳಿಸಿತು. ಆದರೆ 2023ರ ಜೂನ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಆರ್ಥಿಕ ಸಮಾವೇಶದಲ್ಲಿ ಪುಟಿನ್ ಅವರೇ, ತಮ್ಮ ಯಹೂದಿ ಗೆಳೆಯರು ಜೆಲೆನ್‌ಸ್ಕಿ ಅವರನ್ನು ಯಹೂದಿ ಕುಲಕ್ಕೆ ಕಳಂಕ ಎನ್ನುತ್ತಾರೆ ಎಂದರು. 2014ರಲ್ಲಿ ಬರೆದವರು ಯಾರೆಂದು ತಿಳಿಯದ ಹಾಳೆಯೊಂದು ಹೇಳಿದ್ದನ್ನು ಒಂಬತ್ತು ವರ್ಷಗಳ ನಂತರ ದೇಶದ ಮುಖ್ಯಸ್ಥರು ಮೈಕಿನ ಮುಂದೆ ಹೇಳುತ್ತಿದ್ದರು. ಒಳ್ಳೆಯ ಯಹೂದಿ ಯಾರು, ಕೆಟ್ಟ ಯಹೂದಿ ಯಾರು ಎಂದು ಹೇಳುವ ಹಕ್ಕು ತಮ್ಮದೆಂಬ ಧೋರಣೆ ಎರಡರಲ್ಲೂ ಒಂದೇ.

ಯುದ್ಧಕ್ಕೆ ಮುಂಚೆ ಡೊನೆಟ್ಸ್ಕ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದರೆಂಬುದು ಅಂದಾಜು. ಬಹುಪಾಲು ಜನ ಊರು ಬಿಟ್ಟರು, ಮುಖ್ಯವಾಗಿ ಶೆಲ್‌ಗಳ ಭಯದಿಂದ. ಕರಪತ್ರ ಒಂದೇ ಅವರನ್ನು ಓಡಿಸಿತು ಎನ್ನಲಾಗದು. ಅವರಲ್ಲಿ ಅನೇಕರು ಇಸ್ರೇಲ್‌ಗೆ ಹೋದರು. ಧರ್ಮಗುರು ವಿಶೆಡ್ಸ್ಕಿ ಕೀವ್‌ಗೆ ಬಂದು, ತಮ್ಮಂತೆ ನೆಲೆ ಕಳೆದುಕೊಂಡು ಬಂದವರ ಸಮುದಾಯವನ್ನು ಅಲ್ಲಿ ಮತ್ತೆ ಕಟ್ಟಿದರು. ಕೀವ್ ಹೊರವಲಯದಲ್ಲಿ ಪೂರ್ವದಿಂದ ಬಂದ ಯಹೂದಿ ನಿರಾಶ್ರಿತರಿಗೆಂದೇ ಅನಾತೆವ್ಕಾ ಎಂಬ ವಸತಿಯೊಂದು ಎದ್ದಿತು. 2021ರಲ್ಲಿ, ಬಾಬಿನ್ ಯಾರ್ ಹತ್ಯಾಕಾಂಡಕ್ಕೆ ಎಂಬತ್ತು ವರ್ಷ ತುಂಬಿದ ಹೊತ್ತಿಗೆ, ಉಕ್ರೇನಿನ ಸಂಸತ್ತು ಯಹೂದಿ ದ್ವೇಷವನ್ನು ವ್ಯಾಖ್ಯಾನಿಸಿ ನಿಷೇಧಿಸುವ ಕಾನೂನು ಮಾಡಿತು, ಜೆಲೆನ್‌ಸ್ಕಿ ಅದಕ್ಕೆ ಸಹಿ ಹಾಕಿದರು. ಡೊನೆಟ್ಸ್ಕ್‌ನ ಆಳುವವರಿಂದ ಅಂಥದ್ದೇನೂ ನಿರೀಕ್ಷಿಸುವಂತಿರಲಿಲ್ಲ, ಆ ಹೋಲಿಕೆಯಲ್ಲಿ ಕೀವ್ ಮುಂದಿದೆ. ಆದರೆ ಆ ಕಾನೂನು ಶತ್ರುವಿನ ಗೋಡೆಬರಹಕ್ಕೆ ಮಾತ್ರವಲ್ಲ, ತನ್ನ ಸೈನಿಕರ ತೋಳಿನ ಪಟ್ಟಿಗೂ, ತನ್ನ ರಸ್ತೆಯ ನಾಮಫಲಕಕ್ಕೂ, ತನ್ನ ಸಂಸದರ ನಾಲಿಗೆಗೂ ಅನ್ವಯಿಸುತ್ತದೆ ಎಂಬುದನ್ನು ಕೀವ್ ಇನ್ನೂ ತೋರಿಸಿಕೊಡಬೇಕಾಗಿದೆ. ಯುದ್ಧ ಮುಗಿಯಲಿ ಎಂದು ಅದಕ್ಕೆ ಕಾಯಬೇಕಿಲ್ಲ.